ಮುಖ ನೋಡುವ ಕೆಲಸ

ಐಜೂರಿನ ತಿರುವಿನಲ್ಲಿ ಒಬ್ಬ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಶ್ರೀನಿವಾಸನನ್ನು ನೋಡಿ ನಕ್ಕ. ಪರಿಚಯದ ನಗು ಎಂಬುದು ತಿಳಿಯಿತು, ಯಾರದೆಂಬುದು ತಿಳಿಯಲಿಲ್ಲ. 'ಹೇಗಿದ್ದೀರಿ, ಮನೇಲೆಲ್ಲ ಚೆನ್ನಾಗಿದ್ದಾರಾ?' ಎಂದ ಶ್ರೀನಿವಾಸ. ಯಾವ ವಯಸ್ಸಿನವರಿಗೂ ಯಾವ ಸಂಬಂಧಕ್ಕೂ ತಪ್ಪಾಗದ ಮಾತೆಂದು ಅದನ್ನು ಹುಡುಕಿ ಇಟ್ಟುಕೊಂಡಿದ್ದ. 'ಚೆನ್ನಾಗವ್ರೆ ಸಾರ್. ನಲ್ಲಿ ಈಗ ಸೋರ್ತಾ ಇಲ್ಲ ತಾನೆ?' ಎಂದು ಸ್ಕೂಟರಿನವನು ಕೇಳಿದಾಗ, ನಿನ್ನೆ ಅರ್ಧ ದಿನ ತನ್ನ ಅಡುಗೆಮನೆಯಲ್ಲಿ ಕೂತು ಪೈಪು ಬದಲಾಯಿಸಿ, ತಾನೇ ಕೈಯಾರೆ ಕೊಟ್ಟ ಕಾಫಿ ಕುಡಿದು ಹೋದವನು ಇವನೇ ಎಂದು ಗೊತ್ತಾಯಿತು. 'ಇಲ್ಲ ಇಲ್ಲ, ಸೋರ್ತಾ ಇಲ್ಲ' ಎಂದು ಬೇಕಾದ್ದಕ್ಕಿಂತ ಗಟ್ಟಿಯಾಗಿ ನಕ್ಕ. ಸ್ಕೂಟರ್ ಹೋದ ಮೇಲೆ ತಲೆ ತಗ್ಗಿಸಿ ನಡೆದ. ಭಾನುವಾರದ ರಸ್ತೆ. ಎದುರಿನಿಂದ ಇನ್ನೂ ಎಷ್ಟೋ ಜನ ಬರುತ್ತಿದ್ದರು. ಅವರಲ್ಲಿ ಯಾರು ಬೇಕಾದರೂ ಅವನ ಹೆಂಡತಿಯ ತಮ್ಮನಾಗಿರಬಹುದಿತ್ತು.

ಹೋದ ವರ್ಷ ಶ್ರೀನಿವಾಸ ಬಚ್ಚಲುಮನೆಯಲ್ಲಿ ಕುಸಿದು ಬಿದ್ದಿದ್ದ. ತಲೆಯೊಳಗೆ ಎಲ್ಲೋ ಸಣ್ಣ ರಕ್ತನಾಳವೊಂದು ಕಟ್ಟಿಕೊಂಡಿತ್ತಂತೆ. ಆಸ್ಪತ್ರೆಯಲ್ಲಿ ಎಡಗೈ ಎತ್ತಿಸಿದರು, ನಾಲಿಗೆ ಹೊರಗೆ ಹಾಕಿಸಿದರು, ಗೋಡೆಯ ಗಡಿಯಾರ ಓದಿಸಿದರು. ಎಲ್ಲ ಸರಿಯಾಗಿದೆ, ಪುಣ್ಯವಂತರು ಎಂದು ಮನೆಗೆ ಕಳಿಸಿದರು. ಕೈ ವಾಪಸು ಬಂದಿತ್ತು, ಮಾತು ವಾಪಸು ಬಂದಿತ್ತು. ಮುಖಗಳು ಬರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ದೃಷ್ಟಿಗೆ ಏನೂ ಆಗಿರಲಿಲ್ಲ. ಎದುರಿನವರ ಹುಬ್ಬಿನ ಒಂದೊಂದು ಕೂದಲೂ ಕಾಣುತ್ತಿತ್ತು, ಮೂಗು ಕಾಣುತ್ತಿತ್ತು, ತುಟಿ ಕಾಣುತ್ತಿತ್ತು. ಅಷ್ಟೂ ಸೇರಿ ಇಂಥವರು ಎಂದು ಒಳಗೆ ಏನೋ ತಟ್ಟುತ್ತದಲ್ಲ, ಅದು ತಟ್ಟುತ್ತಿರಲಿಲ್ಲ. ಹೆಂಡತಿ ವಿಮಲ ಅಡುಗೆಮನೆಯಿಂದ ಬಂದರೆ ಬಳೆಯ ಸದ್ದಿನಿಂದ, ಗಂಟಲು ಸರಿಮಾಡಿಕೊಳ್ಳುವ ರೀತಿಯಿಂದ ಅವಳೆಂದು ತಿಳಿಯುತ್ತಿತ್ತು. ಮದುವೆಮನೆಯ ಹೆಂಗಸರ ನಡುವೆ ಹೋಗಿ ಕೂತಳೆಂದರೆ ಅವನ ಪಾಲಿಗೆ ಕಳೆದುಹೋದ ಹಾಗೆ. ಒಮ್ಮೆ ಕ್ಷೌರದಂಗಡಿಯ ಕನ್ನಡಿಯಲ್ಲಿ ಬಿಳಿ ಬಟ್ಟೆ ಹೊದ್ದ ಇಬ್ಬರು ಕಂಡಾಗ, ತಾನು ಯಾರೆಂದು ತಿಳಿಯಲು ತಲೆ ಅಲ್ಲಾಡಿಸಿ ನೋಡಿದ್ದ. ನೌಕರಿ ಇದ್ದಷ್ಟು ಕಾಲವೂ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತವನು ಅವನು. ಸರತಿಯಲ್ಲಿ ಹಿಂದೆ ನಿಂತವರನ್ನೂ ಹೆಸರು ಹಿಡಿದು ಕರೆಯುತ್ತಿದ್ದವನು. 'ಪೆನ್ಷನ್ ಬಂದ್ಮೇಲೆ ದೊಡ್ಡ ಮನುಷ್ಯ ಆಗ್ಬುಟ್ರು, ಮುಖ ಕಂಡ್ರೂ ಮಾತಾಡಲ್ಲ ಅಂತ ಜನ ಆಡ್ಕೊತಾವ್ರೆ ಕಣ್ರೀ' ಎಂದು ವಿಮಲ ಒಂದು ದಿನ ಅನ್ನ ಬಡಿಸುತ್ತಾ ಹೇಳಿದಳು. ಅವನು ತಲೆ ಎತ್ತಲಿಲ್ಲ. ಸೊಕ್ಕಿನವನು ಎಂದುಕೊಳ್ಳಲಿ. ತಲೆ ಕೆಟ್ಟವನು ಎನ್ನುವುದಕ್ಕಿಂತ ಅದು ವಾಸಿ ಎನಿಸಿತ್ತು.

ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಅಕ್ರಮ್ ಬಂದು ಕೇಳಿದ್ದು ಆಮೇಲಿನ ಮಾತು. ಫೋನಿನಲ್ಲಿ ಯಾರದೋ ಹೆಸರಿಟ್ಟುಕೊಂಡು ಯಾರೋ ಮೋಸ ಮಾಡುವುದು ಹೆಚ್ಚಾಗಿತ್ತು. ಬಾಡಿಗೆಗೆ ಬರುವವರು, ಟ್ಯೂಷನ್ ಹೇಳುವವರು, ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಬರುವವರು, ಮಾರುವವರು, ಕೊಳ್ಳುವವರು, ಯಾರನ್ನೂ ನಂಬುವ ಹಾಗಿರಲಿಲ್ಲ. ಅದಕ್ಕೆ ಅಕ್ರಮ್ ಮತ್ತು ಅವನಂಥ ಕೆಲವರು ಸೇರಿ 'ಗುರುತಿನ ಬಳಗ' ಎಂದು ಒಂದು ಜಾಲ ಕಟ್ಟಿದ್ದರು. ಸರ್ಕಾರದ್ದಲ್ಲ, ಕಂಪನಿಯದ್ದಲ್ಲ, ಜನರೇ ಜನರಿಗೆ ನಿಲ್ಲುವುದು. ಮೂರು ಮಂದಿ ಸಾಕ್ಷಿಗಳು ಬೇರೆ ಬೇರೆಯಾಗಿ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು, ಕಾರ್ಡು ನೋಡಿ, ಮುಖ ನೋಡಿ, ಫೋನಿನಲ್ಲಿ ಒಂದು ಪ್ರಶ್ನೆಗೆ 'ಹೌದು' ಎಂದು ಒತ್ತಬೇಕು: 'ಇವರನ್ನು ಎದುರಿಗೆ ಕಂಡು, ಇವರು ಇವರೇ ಎಂದು ನೀವು ನಂಬಿದ್ದೀರಾ?' ಮೂರು ಹೌದು ಬಿದ್ದರೆ ಅವರ ಹೆಸರಿನ ಮುಂದೆ ಹಸಿರು ಗುರುತು ಮೂಡುತ್ತದೆ. 'ಊರೆಲ್ಲ ಗೊತ್ತಿರೋರು ನೀವು ಸಾರ್. ನಿಮಗಿಂತ ಒಳ್ಳೆ ಸಾಕ್ಷಿ ಯಾರು ಸಿಗ್ತಾರೆ?' ಎಂದ ಅಕ್ರಮ್. ಬೇಡವೆನ್ನಲು ಬಾಯಿ ತೆರೆದವನು, ಆಗಲಿ ಎಂದುಬಿಟ್ಟ. ಎದುರಿಗೆ ಬಂದವರು ತಮ್ಮ ಹೆಸರನ್ನು ತಾವೇ ಹೇಳಿ, ಫೋಟೋ ಸಮೇತ ಕೈಗೆ ಕೊಡುವ ಜಾಗ ಜಗತ್ತಿನಲ್ಲಿ ಒಂದೇ ಒಂದು ಇದೆ ಎಂಬುದು ಆ ಕ್ಷಣದಲ್ಲಿ ಹೊಳೆದಿತ್ತು.

ಹೀಗೆ ಭಾನುವಾರ ಭಾನುವಾರ ಅಕ್ರಮನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂರತೊಡಗಿದ. ಮುಖ ಅವನಿಗೆ ಸಿಗುತ್ತಿರಲಿಲ್ಲ. ಆದ್ದರಿಂದ ಕಿವಿ ನೋಡುತ್ತಿದ್ದ. ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯೋ ಬಿಟ್ಟಿದೆಯೋ, ಮಚ್ಚೆ ಎಲ್ಲಿದೆ, ಹುಬ್ಬು ಕೂಡಿದೆಯೋ ಇಲ್ಲವೋ. ಫೋಟೋದಲ್ಲಿ ಒಂದೊಂದನ್ನೂ ಹುಡುಕಿ, ಎದುರಿಗಿದ್ದವರಲ್ಲಿ ಒಂದೊಂದನ್ನೂ ಹುಡುಕಿ, ತಾಳೆ ನೋಡಿ ಹೌದು ಒತ್ತುತ್ತಿದ್ದ. ಬೇರೆ ಸಾಕ್ಷಿಗಳು ಕಣ್ಣು ಹಾಯಿಸಿ ಬಿಡುತ್ತಾರೆ, ಶ್ರೀನಿವಾಸ್ ಸಾರ್ ಹಾಗಲ್ಲ ಎಂದು ಹೆಸರೂ ಬಂತು. ಒಂದು ಸಲ ಮುನವ್ವರಾ ಎಂಬ ಹೆಂಗಸು ಬಂದಿದ್ದಳು. ರೇಷ್ಮೆ ಬಿಚ್ಚುವ ಕಾರ್ಖಾನೆಯಲ್ಲಿ ಬಿಸಿನೀರಿಗೆ ಕೈ ಹಾಕಿ ಹಾಕಿ ಬೆರಳ ತುದಿ ಬಿಳಿಚಿಕೊಂಡವಳು. ಅದನ್ನು ಬಿಟ್ಟು ಒಂದು ಮನೆಯಲ್ಲಿ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಬೇಕಿತ್ತು, ಅವರು ಹಸಿರು ಗುರುತು ಕೇಳಿದ್ದರು. ಫೋಟೋದಲ್ಲಿ ಕೆನ್ನೆಯ ಮೇಲೊಂದು ಕಪ್ಪು ಚುಕ್ಕೆ ಇತ್ತು, ಅವಳಲ್ಲಿ ಇರಲಿಲ್ಲ. ಮಗ್ಗುಲಿಗೆ ತಿರುಗಿ ಎಂದ, ದುಪಟ್ಟ ಸರಿಸಿ ಕಿವಿ ತೋರಿಸಿ ಎಂದ, ಇನ್ನೊಂದು ಕಿವಿ ಎಂದ. ಅವಳು ತೋರಿಸುತ್ತಾ ತೋರಿಸುತ್ತಾ ಕಣ್ಣಲ್ಲಿ ನೀರು ತಂದುಕೊಂಡು, 'ಸಂತೇಲಿ ಕುರಿ ನೋಡ್ದಂಗೆ ನೋಡ್ತಿದೀರಲ್ಲ ಸಾರ್. ನಿಮ್ಮ ಕೌಂಟರಿಗೆ ನಾನು ತಿಂಗಳು ತಿಂಗಳೂ ಬತ್ತಿದ್ದೆ' ಎಂದಳು. ಅವನು 'ಇಲ್ಲ' ಒತ್ತಿದ. ಆ ಚುಕ್ಕೆ ಪ್ರಿಂಟಿನ ಕಲೆ ಎಂದು ಆಮೇಲೆ ಅಕ್ರಮ್ ಕಂಡುಹಿಡಿದು, ಬೇರೆ ಸಾಕ್ಷಿಯ ಹತ್ತಿರ ಕಳಿಸಿ, ಗುರುತು ಕೊಡಿಸಿದ್ದ. ಅಷ್ಟರಲ್ಲಿ ಆ ಮನೆಯ ಕೆಲಸ ಬೇರೆಯವರಿಗೆ ಹೋಗಿತ್ತು.

ಕುರಿ ನೋಡುವುದು ಹಾಗಲ್ಲ ಎಂದು ಅವಳಿಗೆ ಹೇಳಬಹುದಿತ್ತು. ಸಾತನೂರಿನ ಆಚೆ ಅವನ ಅಪ್ಪ ಕುರಿ ಸಾಕಿದವನು. ಅಪ್ಪನಿಗೂ ಅಣ್ಣ ಬೀರಲಿಂಗನಿಗೂ ಮಂದೆಯ ಒಂದೊಂದು ಕುರಿಯ ಮುಖವೂ ಗೊತ್ತಿತ್ತು. ಎರಡು ಮಂದೆ ಬೆರೆತುಹೋದರೆ ಅಣ್ಣ ನಡುವೆ ನಿಂತು, ಇದು ನಮ್ದು, ಇದು ಅವರ್ದು ಎಂದು ಕೋಲಿನಲ್ಲಿ ಮುಟ್ಟುತ್ತಾ ಹೋಗುತ್ತಿದ್ದ. ಕಿವಿ ಹಿಡಿದು ನೋಡಿದ್ದೇ ಇಲ್ಲ. 'ನಿಂಗೆ ಹೆಂಗೆ ಗೊತ್ತಾಯ್ತದೆ ಅಣ್ಣ?' ಎಂದು ಚಿಕ್ಕವನಾಗಿದ್ದಾಗ ಕೇಳಿದರೆ, 'ನೀನು ನಂಗೆ ಹೆಂಗೆ ಗೊತ್ತಾಯ್ತೀಯ? ಅಂಗೇ ಕಣ್ಲಾ' ಎಂದಿದ್ದ.

ಸ್ಕೂಟರಿನವನು ಸಿಕ್ಕಿದ ಆ ಭಾನುವಾರ, ಬೀದಿಯ ಬಿಸಿಲು ಕೋಣೆಯ ಹೊಸ್ತಿಲಿಗೆ ಬರುವ ಹೊತ್ತಿಗೆ ಒಬ್ಬ ಮುದುಕ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಬೋಳು ತಲೆ, ಬತ್ತಿದ ಕೆನ್ನೆ, ಕುತ್ತಿಗೆಗೆ ಬಿಗಿಯಾಗಿ ಸುತ್ತಿದ ಹಸಿರು ಟವಲು. ಏನೂ ಹೇಳದೆ ಶ್ರೀನಿವಾಸನನ್ನೇ ನೋಡುತ್ತಾ ಕೂತ. ಹಳ್ಳಿಯವರು ಮೊದಲು ಹೀಗೆಯೇ, ಸಂಕೋಚ. 'ಆರಾಮಾಗಿ ಕೂತ್ಕೊಳಿ ಯಜಮಾನ್ರೆ. ನಿಮ್ಮ ಹೆಸರು ಹೇಳಿ' ಎಂದ. ಮುದುಕನ ಬಾಯಿಯ ಒಂದು ಅಂಚು ಅದುವರೆಗೆ ಮೇಲೆದ್ದು ನಿಂತಿತ್ತು. ಅದು ಮೆಲ್ಲಗೆ ಇಳಿಯುವುದು ಕಾಣಿಸಿತು. ಇಳಿದದ್ದಕ್ಕೆ ಏನು ಅರ್ಥ ಎಂದು ತಿಳಿಯಲಿಲ್ಲ. ಕಿವಿ ಮಂದವಿರಬೇಕು ಎಂದು ದನಿ ಏರಿಸಿದ. 'ಕಾರ್ಡ್ ತಂದಿದೀರಾ? ಆಧಾರ್ ಆದ್ರೂ ಆಯ್ತು, ವೋಟರ್ ಕಾರ್ಡ್ ಆದ್ರೂ ಆಯ್ತು.' ಮುದುಕನ ಕೈ ಅಂಗಿಯ ಜೇಬಿಗೆ ಹೋಗಿ ಅಲ್ಲೇ ನಿಂತಿತು. 'ಕಾರ್ಡ್ ಬೇಕಾ?' ಎಂದು ಅವನ ಗಂಟಲಿನಿಂದ ಬಂದದ್ದು ದನಿಯಲ್ಲ, ಬರೀ ಗಾಳಿ. 'ಮತ್ತೆ? ಕಾರ್ಡ್ ಇಲ್ದೆ ನೀವು ಯಾರು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಯಜಮಾನ್ರೆ?' ಎಂದು ಶ್ರೀನಿವಾಸ ಎಲ್ಲರಿಗೂ ಹೇಳುವ ಹಾಗೆಯೇ ತಮಾಷೆಯಾಗಿ ಹೇಳಿದ. ಮುದುಕ ಜೇಬಿನಿಂದ ಬರಿಗೈ ತೆಗೆದ. ಮೇಜಿನ ಅಂಚು ಹಿಡಿದು ಎದ್ದ. 'ಸರಿ ಬುಡಿ' ಎಂದ ಅದೇ ಗಾಳಿಯಲ್ಲಿ, ಹೊರಟುಹೋದ.

ಕಾರ್ಡು ಮರೆತು ಬಂದಿರಬೇಕು ಎಂದುಕೊಳ್ಳುತ್ತಿರುವಾಗ ಅಕ್ರಮ್ ಟೀ ಹಿಡಿದುಕೊಂಡು ಒಳಗೆ ಬಂದ. 'ಯಾಕ್ ಸಾರ್, ನಿಮ್ಮಣ್ಣ ಹೊರಟೋದ್ರು? ಅವರಿಗೂ ಅಂತ ಟೀ ತಂದಿದ್ನಲ್ಲ.'

'ಯಾರು?'

'ಈಗ ಕೂತಿದ್ರಲ್ಲ ಸಾರ್. ಆವಾಗಿಂದ ಹೊರಗೆ ಬೆಂಚಲ್ಲೇ ಇದ್ರು. ಗಂಟಲು ಆಪರೇಷನ್ ಆಗಿದೆಯಂತೆ, ಕಷ್ಟ ಬಿದ್ದು ಮಾತಾಡ್ತಿದ್ರು. ಒಳಗೆ ಹೇಳ್ಲಾ ಅಂದೆ. ಬ್ಯಾಡ, ನನ್ನ ಸರದಿ ಬರ್ಲಿ, ಅವ್ನೇ ನೋಡಿ ಎದ್ ಬತ್ತಾನೆ ಅಂದ್ರು.'

ಶ್ರೀನಿವಾಸ ಎದ್ದು ಓಡಿದ. ಚಪ್ಪಲಿ ಹಾಕಿಕೊಳ್ಳಲಿಲ್ಲ. ರಸ್ತೆ ದಾಟುವಾಗ ಆಟೋದವನೊಬ್ಬ ಬೈದ. ಕನಕಪುರದ ಬಸ್ಸು ನಿಲ್ಲುವ ಕಡೆ ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು, ಎಲ್ಲರಿಗೂ ಮುಖ ಇತ್ತು. ಮಗಳು ಮಾನಸಳ ಮದುವೆಯ ದಿನ ಛತ್ರದ ಬಾಗಿಲಲ್ಲಿ ಅಣ್ಣ ನಿಂತಿದ್ದದ್ದು ಹೀಗೆಯೇ ಜನರ ನಡುವೆ, ಹೆಗಲ ಮೇಲೆ ಕರಿ ಕಂಬಳಿ, ಕಂಕುಳಲ್ಲಿ ಸೋದರನ ಮಗಳಿಗೆಂದು ತಂದ ಸೀರೆಯ ಪೊಟ್ಟಣ. ಆಗ ಶ್ರೀನಿವಾಸನಿಗೆ ಮುಖಗಳು ಇದ್ದವು, ದೂರದಿಂದಲೇ ಗುರುತು ಸಿಕ್ಕಿತ್ತು. ಪಕ್ಕದಲ್ಲಿ ಇಲಾಖೆಯ ದೊಡ್ಡ ಸಾಹೇಬರು ನಿಂತಿದ್ದರು. ಕಂಬಳಿಯ ವಾಸನೆ ಅವರಿಗೂ ಬಂದಿರಬೇಕು, 'ಯಾರಿವರು?' ಎಂದು ಸುಮ್ಮನೆ ಕೇಳಿದರು. 'ನಮ್ಮೂರ ಕಡೆಯವರು ಸಾರ್' ಎಂದ ಶ್ರೀನಿವಾಸ. ಅಣ್ಣ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅಣ್ಣ ಕೇಳಿಸಿಕೊಂಡ. ಸೀರೆಯನ್ನು ವಿಮಲಳ ಕೈಗೆ ಕೊಟ್ಟು, ಊಟಕ್ಕೆ ಕೂರದೆ ಹೋದ. ಅಂದಿನಿಂದ ಈ ಕಡೆ ತಲೆ ಹಾಕಿರಲಿಲ್ಲ, ಶ್ರೀನಿವಾಸನೂ ಆ ಕಡೆ ಹೋಗಿರಲಿಲ್ಲ. ಹೋದರೆ ಅದರ ಬಗ್ಗೆ ಮಾತಾಡಬೇಕಾಗುತ್ತಿತ್ತು. ಈಗ ಬಸ್ಸಿನ ಪಕ್ಕಕ್ಕೇ ಬಂದು ಒಂದೊಂದು ಕಿಟಕಿಯನ್ನೂ ನೋಡುತ್ತಾ ನಡೆದ. ಬೋಳು ತಲೆಯವರಿದ್ದರು, ಬತ್ತಿದ ಕೆನ್ನೆಯವರಿದ್ದರು. ಚಳಿಗೋ ಧೂಳಿಗೋ ಟವಲು ತಲೆಗೆ ಸುತ್ತಿಕೊಂಡವರಿದ್ದರು. ಹಸಿರೇ, ನೀಲಿಯೇ, ಗಾಜಿನ ಕೊಳೆಯಲ್ಲಿ ಬಣ್ಣ ತಿಳಿಯುತ್ತಿರಲಿಲ್ಲ. ಅವರೆಲ್ಲ ಅವನನ್ನು ನೋಡಿದರು, ಅವನೂ ಒಬ್ಬೊಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಯಾರಾದರೂ ಸೀನ ಎಂದು ಕೂಗಬಾರದೇ ಎಂದು ಕಾದ. ಕಂಡಕ್ಟರ್ ವಿಷಲ್ ಊದಿದ. ಬಸ್ಸು ಹೋಯಿತು.

'ನಿಮ್ಮಣ್ಣ ಬಂದಿದ್ರಂತೆ?' ಎಂದು ಸಂಜೆ ವಿಮಲ ಕೇಳಿದಳು. ಅಕ್ರಮನ ಅಂಗಡಿಗೆ ಹೋದ ಯಾರೋ ಅವಳಿಗೆ ಹೇಳಿದ್ದರು. 'ಬಂದಿದ್ದ. ಅರ್ಜೆಂಟ್ ಇತ್ತಂತೆ, ಹೊರಟೋದ' ಎಂದ. ಅವಳು ಅಲ್ಲೇ ನಿಂತಿದ್ದಳು. ಆ ಹೊತ್ತಿಗೆ ಅವಳ ಮುಖದಲ್ಲಿ ಏನಿತ್ತೋ, ನೋಡಿದರೂ ಓದಲಾಗಲಿಲ್ಲ. ಅಣ್ಣನ ಮಗ ಬೀರೇಶನಿಗೆ ಫೋನ್ ಮಾಡಿದ, ಅವನು ತೆಗೆಯಲಿಲ್ಲ. ಮಾರನೆಯ ದಿನವೂ ಮಾಡಿದ. ಆಮೇಲೆ ಬಟ್ಟೆ ಹಾಕಿಕೊಂಡು ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಒಂದು ಕಾಫಿ ಕುಡಿದು, ವಾಪಸು ಬಂದ. ಹಾಗೆ ಎಷ್ಟೋ ದಿನ ಕಳೆಯಿತು.

ಕೊನೆಗೆ ಹೋದದ್ದು ಒಂದು ಮಧ್ಯಾಹ್ನ. ಕನಕಪುರದಲ್ಲಿ ಬಸ್ಸು ಬದಲಾಯಿಸಿ, ಸಾತನೂರಿನಲ್ಲಿ ಇಳಿದು, ಆಟೋ ಹಿಡಿದು, ಊರ ಬಾಗಿಲಲ್ಲಿ ಇಳಿದ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಡೆಯುತ್ತಾ ಏನು ಹೇಳಬೇಕೆಂದು ಒಳಗೊಳಗೇ ಜೋಡಿಸಿಕೊಂಡ. ಮೊದಲು ಕಾಲು ಹಿಡಿಯುವುದು. ಮದುವೆಯ ದಿನದ್ದಕ್ಕೆ ಮೊದಲು ತಪ್ಪೊಪ್ಪಿಕೊಳ್ಳುವುದು, ಆಮೇಲೆ ಕಾಯಿಲೆಯ ವಿಷಯ ಹೇಳುವುದು. ಮೊದಲೇ ಕಾಯಿಲೆ ಎಂದರೆ ನೆಪ ಎನಿಸುತ್ತದೆ. ಮನೆಯ ಮುಂದೆ ಹೊಂಗೆಯ ನೆರಳಲ್ಲಿ ಮೂವರು ಕೂತಿದ್ದರು. ಒಬ್ಬ ಮಂಚದ ಮೇಲೆ ಬನಿಯನ್ನಿನಲ್ಲಿ ಒರಗಿದ್ದ. ಕಟ್ಟೆಯ ಮೇಲೆ ಕೂತ ಇನ್ನೊಬ್ಬ ಹಸಿರು ಟವಲು ಹಾಕಿಕೊಂಡಿದ್ದ, ಬೋಳು ತಲೆ, ತೆಳ್ಳಗಿನ ಮೈ. ಶ್ರೀನಿವಾಸ ನೇರ ಹೋಗಿ ಹಸಿರು ಟವಲಿನವನ ಕಾಲ ಮೇಲೆ ಬಿದ್ದ. 'ಅಣ್ಣಾ, ತಪ್ಪಾಯ್ತು. ಛತ್ರದಲ್ಲಿ ಆವತ್ತು ನಾನು ಹಂಗೆ ಅನ್ನಬಾರದಿತ್ತು. ನನ್ನ ಬಾಯಿಗೆ ಹುಳ ಬೀಳ' ಎಂದ. ಅಳುವೂ ಬಂದಿತ್ತು. ಕಾಲುಗಳು ಬೆಚ್ಚಿ ಹಿಂದಕ್ಕೆ ಸರಿದವು. 'ಅಯ್ಯಯ್ಯೋ, ಏಳಿ ಏಳಿ, ನಾನು ಬೋರಯ್ಯ ಕಣ್ರೀ, ಪಕ್ಕದ ಮನೆಯೋನು! ನಿಮ್ಮಣ್ಣ ಅಲ್ಲಿ ಅವ್ರಲ್ಲ!' ಎಂದಿತು ಗಟ್ಟಿಯಾದ, ಆರೋಗ್ಯವಾದ ದನಿ. ಮೂರನೆಯವನು ನಕ್ಕುಬಿಟ್ಟ. ಮಂಚದ ಮೇಲಿದ್ದವನು ನಗಲಿಲ್ಲ. ಶ್ರೀನಿವಾಸ ಮಣ್ಣಿನಲ್ಲಿ ಮಂಡಿಯೂರಿಕೊಂಡೇ ಆ ಕಡೆ ತಿರುಗಿದ. ಬನಿಯನ್ನಿನ ಮೇಲೆ, ಕುತ್ತಿಗೆಯಲ್ಲಿ, ಹೊಲಿಗೆ ಹಾಕಿದ ಗಾಯ ಕಾಣಿಸಿತು.

ಬಾಗಿಲಿಗೆ ಬಂದ ಅತ್ತಿಗೆ ಲಕ್ಷ್ಮಿದೇವಮ್ಮ ಎಲ್ಲವನ್ನೂ ನೋಡಿದ್ದಳು. 'ಇನ್ನೂ ಆಟ ಮುಗಿಲಿಲ್ವೇನಪ್ಪ ನಿಂದು?' ಎಂದಳು. 'ಅಂಗಡೀಲಿ ಕಾರ್ಡ್ ಕೇಳ್ದೆ. ಬಸ್ಸಲ್ಲಿ ಕೂತಿದ್ರೆ ಕಿಟಕಿಗೆ ಬಂದು ಮುಖಾನೇ ನೋಡ್ಬುಟ್ಟು, ಗೊತ್ತಿಲ್ದೋನಂಗೆ ಮುಂದಕ್ಕೋದೆ. ಇಳಿದು ಬರಾನಾ ಅಂತ ಎದ್ದಿದ್ರಂತೆ ಕಣೋ ಅವ್ರು. ಈಗ ಮನೆ ಬಾಗ್ಲಿಗೆ ಬಂದು ಇನ್ನೊಬ್ಬರ ಕಾಲು ಹಿಡ್ಕಂಡು ಆಡ್ಕೊತೀಯ?'

'ಇಲ್ಲ ಅತ್ತಿಗೆ. ನಂಗೆ ಮುಖ ಗೊತ್ತಾಗಲ್ಲ. ತಲೇಲಿ ಏನೋ ಆಗೈತೆ. ಯಾರ್ದೂ ಗೊತ್ತಾಗಲ್ಲ. ನಿಮ್ದೂ ಗೊತ್ತಾಗಲ್ಲ.' ಮೊದಲ ಬಾರಿಗೆ ಆ ಮಾತು ಬಾಯಿಂದ ಹೊರಗೆ ಬಂದಿತ್ತು. ಹೊಂಗೆಯ ಕೆಳಗೆ, ಕುರಿಗಳ ಹಿಕ್ಕೆಯ ನಡುವೆ, ಅದು ಯಾರೂ ನಂಬಲಾಗದ ಸುಳ್ಳಿನ ಹಾಗೆ ಕೇಳಿಸಿತು.

'ಊರೋರ್ನೆಲ್ಲ ಇವನೇ ಇವನು ಅಂತ ಹೇಳೋ ಕೆಲ್ಸ ಮಾಡ್ತೀಯಂತೆ. ಮುಖ ಗೊತ್ತಾಗ್ದೋನು ಅದೆಂಗೆ ಮಾಡ್ತೀಯ?' ಎಂದಳು ಲಕ್ಷ್ಮಿದೇವಮ್ಮ.

ಮಂಚದ ಮೇಲಿದ್ದ ಅಣ್ಣ ಕೈ ಎತ್ತಿ ಹೆಂಡತಿಯನ್ನು ಸುಮ್ಮನಾಗಿಸಿದ. ಸದ್ದಿಗೆ ಹೊರಗೆ ಬಂದಿದ್ದ ಮಗನ ಕಡೆ ನೋಡಿ ಏನೋ ಸನ್ನೆ ಮಾಡಿದ. ಬೀರೇಶ್ ಮೊದಲು ಒಲ್ಲೆನೆಂದ, ಆಮೇಲೆ ಒಳಗೆ ಹೋಗಿ ಕಾರ್ಡು ತಂದು ಕೊಟ್ಟ. ಅಣ್ಣ ಅದನ್ನು ತನ್ನ ಕೆನ್ನೆಯ ಪಕ್ಕಕ್ಕೆ ಹಿಡಿದು ಕೂತ. ಇದು ಅಣಕವೋ, ಕರುಣೆಯೋ? ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಶ್ರೀನಿವಾಸ ಫೋಟೋ ನೋಡಿದ, ಕಿವಿ ನೋಡಿದ, ಫೋಟೋದಲ್ಲಿದ್ದ ಹಾಗೆಯೇ ಎಡಗಿವಿಯ ಹಾಲೆ ಸೀಳಿತ್ತು. ಚಿಕ್ಕಂದಿನಲ್ಲಿ ಟಗರು ಗುದ್ದಿ ಸೀಳಿದ್ದು. ರಕ್ತ ನಿಲ್ಲಲಿಲ್ಲವೆಂದು ತಾನೇ ಅರಿಸಿನ ತರಲು ಓಡಿದ್ದ. ಅದನ್ನು ಅಂಗಡಿಯಲ್ಲಿ ಅಂದು ಏಕೆ ನೋಡಲಿಲ್ಲ? ಕಾರ್ಡು ಬಂದ ಮೇಲೆ ತಾನೆ ಕಿವಿ ನೋಡುವುದು. ಕುರಿಯನ್ನು ದೂರದೂರಿಗೆ ಫೋನಿನಲ್ಲೇ ಮಾರಬೇಕೆಂದು ಬೀರೇಶ್ ಅಪ್ಪನ ಹೆಸರನ್ನು ಬಳಗಕ್ಕೆ ಸೇರಿಸಿದ್ದ. ಕನಕಪುರದಲ್ಲಿ ಇಬ್ಬರು ಸಾಕ್ಷಿ ಹೇಳಿದ್ದರು. ಮೂರನೆಯವನು ತಮ್ಮನೇ ಇರಲಿ ಎಂದು ಹಟ ಹಿಡಿದು, ಗಂಟಲಿಗೆ ಟವಲು ಸುತ್ತಿಕೊಂಡು ಅಷ್ಟು ದೂರ ಬಂದದ್ದು ಅಣ್ಣ. ಇದನ್ನೆಲ್ಲ ಬೀರೇಶ್ ಬೇರೆ ಕಡೆ ನೋಡಿಕೊಂಡು ಹೇಳಿದ. ಶ್ರೀನಿವಾಸ ಫೋನ್ ತೆಗೆದ. ಇವರು ಇವರೇ ಎಂದು ನೀವು ನಂಬಿದ್ದೀರಾ? ಹೌದು ಒತ್ತಿದ. ಬೀರೇಶನ ಜೇಬಿನಲ್ಲಿ ಟಿಣ್ ಎಂದಿತು. ಅಣ್ಣ ಕಾರ್ಡು ಇಳಿಸಿ, ಗೋಡೆಯ ಕಡೆ ಮಗ್ಗುಲು ತಿರುಗಿ ಮಲಗಿದ. ಲಕ್ಷ್ಮಿದೇವಮ್ಮ ಒಂದು ಚೊಂಬು ಮಜ್ಜಿಗೆ ತಂದು ಅವನ ಮುಂದೆ ನೆಲದ ಮೇಲಿಟ್ಟು ಹೋದಳು. ಕೈಗೆ ಕೊಡಲಿಲ್ಲ.

ಮುಂದಿನ ಭಾನುವಾರ ಅಂಗಡಿಯಲ್ಲಿ ಒಬ್ಬ ಯುವತಿ ಎದುರು ಕೂತು ಹೆಸರು ಹೇಳಿ ಕಾರ್ಡು ಕೊಟ್ಟಳು. ಹುಬ್ಬು, ಮಚ್ಚೆ, ಕಿವಿ, ಎಲ್ಲ ತಾಳೆಯಾಯಿತು. ನಂಬಿದ್ದೀರಾ ಎಂದಿತು ಫೋನು. ನಂಬುವುದು ಎಂದರೆ ಏನೆಂದು ಅವನಿಗೆ ಗೊತ್ತಿತ್ತು, ಕೌಂಟರಿನಲ್ಲಿ ಕೂತಿದ್ದ ಕಾಲದಲ್ಲಿ ದಿನವೂ ಮಾಡುತ್ತಿದ್ದ ಕೆಲಸ. ಈ ಕುರ್ಚಿಯಲ್ಲಿ ಕೂತ ಮೇಲೆ ಒಮ್ಮೆಯೂ ಮಾಡಿರಲಿಲ್ಲ. ಮುನವ್ವರಾಳ ಬಿಳಿಚಿದ ಬೆರಳುಗಳು ದುಪಟ್ಟ ಸರಿಸುತ್ತಿದ್ದದ್ದು ಕಣ್ಣಿಗೆ ಬಂತು. ಅವಳ ಮುಖ ಎಷ್ಟು ಎಳೆದರೂ ಬರಲಿಲ್ಲ. ಯುವತಿಯನ್ನು ಹೊರಗೆ ಕೂರಲು ಹೇಳಿ, ಅಕ್ರಮನನ್ನು ಕರೆದು, ಬಾಗಿಲು ಮುಂದೆ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಅಕ್ರಮ್ ಹತ್ತಿರ ಬಂದು ಮುಖ ಮುಂದೆ ಮಾಡಿದ. 'ನಾನು ಯಾರು ಅಂತ ಹೆಂಗೆ ಗೊತ್ತಾಗುತ್ತೆ?'

'ದನಿಯಿಂದ ಗೊತ್ತು. ಅಂಗಡೀಲಿದ್ರೆ ಗೊತ್ತು. ರಸ್ತೇಲಿ ಗೊತ್ತಾಗಲ್ಲ.'

'ಡಾಕ್ಟರ್ ಹತ್ರ ಹೋಗಿ ಸಾರ್ ಮೊದಲು' ಎಂದ ಅಕ್ರಮ್. ಅವನ ದನಿಯಲ್ಲಿ ಕೋಪ ಇರಲಿಲ್ಲ, ಅದೇ ಹಿಂಸೆಯಾಯಿತು. 'ಆದ್ರೆ ರೂಲ್ ನಿಮಗೂ ಗೊತ್ತಲ್ಲ. ಸಾಕ್ಷಿ ನಿಲ್ಲಲಿಲ್ಲ ಅಂದ್ರೆ ಅವರು ಹೇಳಿದ್ದೂ ನಿಲ್ಲಲ್ಲ. ನೀವು ಒತ್ತಿದ ಹೌದು ಅಷ್ಟೂ ತೆಗೀಬೇಕು. ಎಷ್ಟ್ ಜನ ಬಂದು ನನ್ನ ಮುಖಕ್ಕೆ ಉಗೀತಾರೋ.'

'ತೆಗಿ.'

ಅಕ್ರಮ್ ಕಂಪ್ಯೂಟರಿನ ಮುಂದೆ ಕೂತ. ಶ್ರೀನಿವಾಸನ ಕೈ ತಾನಾಗಿ ಅವನ ಹೆಗಲಿಗೆ ಹೋಯಿತು. 'ಒಂದು ಮಾತ್ರ ಇಟ್ಕೊಳ್ಳೋಕೆ ಆಗುತ್ತಾ? ಒಂದೇ ಒಂದು? ಅದು ಸರಿಯಾಗಿದೆ.'

'ಯಾರ್ದು ಸಾರ್?'

ನಮ್ಮಣ್ಣಂದು ಎನ್ನಬೇಕಿತ್ತು. ಅಂದರೆ ಅಕ್ರಮ್ ತಿರುಗಿ ನೋಡುತ್ತಾನೆ. ಇಲ್ಲಿ ಕೂತು ಎದ್ದು ಹೋದ ಆ ಮುದುಕರದಾ ಎನ್ನುತ್ತಾನೆ. ಅದನ್ನು ಸರಿಯೆಂದು ಹೇಗೆ ಹೇಳ್ತೀರಿ, ಅವರನ್ನು ಆವತ್ತು ನೀವು ಗುರುತೇ ಹಿಡಿಯಲಿಲ್ಲವಲ್ಲ ಎನ್ನುತ್ತಾನೆ. ಕಿವಿಯ ಸೀಳು, ಟಗರು, ಅರಿಸಿನ, ಇಷ್ಟನ್ನೂ ಈ ಝೆರಾಕ್ಸ್ ಮೆಷಿನ್ನಿನ ಮುಂದೆ ಬಿಡಿಸಿ ಹೇಳಬೇಕು. ಶ್ರೀನಿವಾಸ ಹೆಗಲ ಮೇಲಿನ ಕೈ ತೆಗೆದ. 'ಯಾರ್ದೂ ಇಲ್ಲ. ಎಲ್ಲ ತೆಗಿ' ಎಂದ.

ವಿಮಲಳಿಗೆ ಅಂದು ಮಧ್ಯಾಹ್ನವೇ ಹೇಳಿದ. ಅವಳು ಕೈ ಒರೆಸಿಕೊಳ್ಳುತ್ತಾ ಎದುರಿಗೆ ಬಂದು ನಿಂತಳು. 'ಹಂಗಾದ್ರೆ ಇಷ್ಟು ದಿನ ನನ್ನ ನೋಡಿ ನಗ್ತಿದ್ದದ್ದು?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಊಟದ ಹೊತ್ತಿಗೆ ಬಳೆ ತೆಗೆದಿಟ್ಟಿದ್ದಳೋ ಏನೋ, ಸದ್ದಿಲ್ಲದೆ ಬಂದು ಬಡಿಸಿದಳು.

ಬೀರೇಶನ ಫೋನು ಬಂದದ್ದು ಮಾರನೆಯ ದಿನ. ಹಿಂದೆ ಕುರಿಗಳ ಅರಚಾಟ ಕೇಳುತ್ತಿತ್ತು. 'ಚಿಕ್ಕಪ್ಪ, ಅಪ್ಪನ ಹೆಸರಿನ ಮುಂದ್ಲ ಗುರುತು ಹೋಗ್ಬುಟ್ಟೈತೆ. ಮೂರ್ನೇ ಸಾಕ್ಷಿ ವಾಪಸ್ ತಗಂಡವ್ರೆ ಅಂತ ಬಂದೈತೆ. ಯಾರೋ ತಪ್ಪು ಮಾಡಿರ್ಬೇಕು ಅಂದೆ ನಾನು. ನೀವೇ ತಗಂಡ್ರಾ?'

'ಹೌದು ಕಣಪ್ಪ. ಅದು... ನಂದೆಲ್ಲಾನೂ ತೆಗೆಸಿದೆ. ಅಣ್ಣಂದು ಒಂದೇ ಅಲ್ಲ. ನಾನು ಸಾಕ್ಷಿ ಹೇಳೋ ಹಂಗೇ ಇಲ್ಲ, ಅದಕ್ಕೆ.'

'ಆವತ್ತು ಮನೇಗೆ ಬಂದು, ನೋಡಿ, ಒತ್ತಿದ್ರಲ್ಲ.'

'ಒತ್ತಿದ್ದೆ.'

'ಈಗ ಅಪ್ಪ ಅಲ್ಲ ಅಂತೀರಾ?'

'ಹಂಗಲ್ಲ ಕಣೋ...' ಎಂದು ಶುರು ಮಾಡಿದ. ಬಳಗದ ನಿಯಮ, ತಲೆಯ ರಕ್ತನಾಳ, ಅಕ್ರಮ್ ಹೇಳಿದ್ದು, ಎಲ್ಲಿಂದ ಹಿಡಿದರೂ ಮಾತು ಉದ್ದವಾಗುತ್ತಿತ್ತು. ಅರ್ಧಕ್ಕೇ ಬಿಟ್ಟ.

'ಅಪ್ಪ ಇಲ್ಲೇ ಪಕ್ಕದಲ್ಲಿ ಕೂತವ್ರೆ' ಎಂದ ಬೀರೇಶ್. 'ಏನಂತ ಹೇಳ್ಲಿ? ನೀವೇ ಹೇಳಿ, ಕೊಡ್ತೀನಿ.'

ಫೋನು ಕೈ ಬದಲಾಯಿಸಿದ ಸದ್ದಾಯಿತು. ಕುರಿಗಳ ಸದ್ದು ದೂರವಾಯಿತು. ಆಮೇಲೆ ಹತ್ತಿರದಲ್ಲೇ, ಕಿವಿಯೊಳಗೇ, ಗಂಟಲಿನ ಗಾಯದಿಂದ ಎಳೆದುಕೊಂಡು ಬಿಡುವ ಉಸಿರು ಕೇಳಿಸಿತು. ಒಳಗೆ ಏನೋ ತಟ್ಟಿತು. ಒಂದು ಕ್ಷಣವೂ ಹಿಡಿಯಲಿಲ್ಲ, ಯಾವ ಗುರುತನ್ನೂ ಹುಡುಕಬೇಕಾಗಲಿಲ್ಲ. ಚಿಕ್ಕಂದಿನಲ್ಲಿ ಕಂಬಳಿಯೊಳಗೆ ಪಕ್ಕದಲ್ಲಿ ಮಲಗಿ ಬೆಳಗಿನವರೆಗೂ ಕೇಳುತ್ತಿದ್ದ ಉಸಿರು ಅದು. ಅಣ್ಣ ಕಾಯುತ್ತಿದ್ದ. ಶ್ರೀನಿವಾಸ ಬಾಯಿ ತೆರೆದ. ಮಾತು ಬರಲಿಲ್ಲ. ಅಣ್ಣನಿಗೂ ದನಿ ಇರಲಿಲ್ಲ. ಹಾಗೆಯೇ ಇಬ್ಬರೂ ಫೋನು ಕಿವಿಗೆ ಹಿಡಿದುಕೊಂಡಿದ್ದರು. ಆಮೇಲೆ ಬೀರೇಶ್ ಫೋನು ಇಸಿದುಕೊಂಡು, 'ಏನಂದ್ರಪ್ಪ?' ಎಂದು ಕೇಳಿದ್ದು ದೂರದಿಂದ ಕೇಳಿಸಿತು, ಅಷ್ಟರಲ್ಲಿ ಲೈನು ಕಡಿದುಹೋಯಿತು.